ಮೊಬೈಲ್ ಹೇಳಿದ ಮರೆಗುಳಿತನ



ಹೆತ್ತವರ ಹಕ್ಕುಗಳ ಬಗ್ಗೆ ಖುತ್ಬಾ ಹೇಳಿದ ಶುಕ್ರವಾರ, ನಮಾಝ್ ಮುಗಿದ ಮೇಲೆ ಜಮಾಅತಿನ ಯುವಕನೊಬ್ಬ ನನ್ನನ್ನು ಬದಿಗೆ ಕರೆದ. ಕೈಯಲ್ಲಿದ್ದ ಮೊಬೈಲ್ ತೋರಿಸಿದ. ಅದರಲ್ಲೊಂದು ಆ್ಯಪ್, ಮಾತು ಕೇಳಿ ಮರೆಗುಳಿತನ, ಅಂದರೆ ಡಿಮೆನ್ಷಿಯಾ, ಪತ್ತೆ ಹಚ್ಚುತ್ತದಂತೆ. ತನ್ನ ಉಪ್ಪನನ್ನು ಅದರ ಮುಂದೆ ಕೂರಿಸಿ ಮಾತಾಡಿಸಿದ್ದಾನೆ. 'ಸಾಧ್ಯತೆ ಹೆಚ್ಚು' ಎಂದು ಬಂದಿದೆ.

"ಉಸ್ತಾದ್, ಉಪ್ಪ ಕಳೆದ ತಿಂಗಳು ತಂಗಿಗೆ ಜಾಗ ಹಿಬಾ ಮಾಡಿದ್ದಾರೆ. ಬುದ್ಧಿ ಸರಿಯಿಲ್ಲದವರ ಹಿಬಾ ಸಿಂಧುವೇ?"

ಪ್ರಶ್ನೆ ಶರೀಅತ್‌ನದು. ಆದರೆ ಉತ್ತರಿಸುವ ಮೊದಲು ಆ ಯಂತ್ರ ಏನನ್ನು ಕೇಳಿಸಿಕೊಂಡಿತು ಎಂದು ನೋಡಬೇಕಿತ್ತು.

ಕೃತಕ ಬುದ್ಧಿಮತ್ತೆಗೆ ರೋಗದ ತಿಳಿವಳಿಕೆ ಇರುವುದಿಲ್ಲ. ರೋಗ ಇರುವವರ, ಇಲ್ಲದವರ ಮಾದರಿಗಳನ್ನು ಅದಕ್ಕೆ ಕೊಡುತ್ತಾರೆ. ವ್ಯತ್ಯಾಸವನ್ನು ಅದು ಕಲಿಯುತ್ತದೆ. ಮೆದುಳಿನ ಎಂಆರ್‌ಐ ಚಿತ್ರವಾದರೆ, ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗ ಎಷ್ಟು ಕುಗ್ಗಿದೆ ಎಂದು ಅಳೆಯುತ್ತದೆ. ಮಾತಾದರೆ ತಡವರಿಕೆ, ನಡುವಿನ ಮೌನ, ವಸ್ತುವಿನ ಹೆಸರು ಸಿಗದೆ 'ಅದು, ಅದು' ಎನ್ನುವುದನ್ನು ಗಮನಿಸುತ್ತದೆ.

2020ರಲ್ಲಿ ಸಂಶೋಧಕರ ನಡುವೆ 'ಆ್ಯಡ್ರೆಸ್' ಎಂಬ ಸ್ಪರ್ಧೆ ನಡೆಯಿತು. ಕೊಟ್ಟದ್ದು 156 ಮಂದಿಯ ಧ್ವನಿಮುದ್ರಣ. 78 ಮಂದಿ ಆಲ್‌ಝೈಮರ್ ಇದ್ದವರು, 78 ಮಂದಿ ಇಲ್ಲದವರು. ಎಲ್ಲರೂ ಇಂಗ್ಲಿಷಿನಲ್ಲಿ ಒಂದೇ ಚಿತ್ರವನ್ನು ವರ್ಣಿಸಿದ್ದರು. ಅಡುಗೆಮನೆಯಲ್ಲಿ ತಾಯಿ ತಟ್ಟೆ ಒರೆಸುತ್ತಿದ್ದಾಳೆ, ಸಿಂಕ್ ತುಂಬಿ ನೀರು ನೆಲಕ್ಕೆ ಹರಿಯುತ್ತಿದೆ, ಹಿಂದೆ ಹುಡುಗ ಸ್ಟೂಲ್ ಹತ್ತಿ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದ್ದಾನೆ, ಸ್ಟೂಲ್ ವಾಲುತ್ತಿದೆ. ಉತ್ತಮ ಯಂತ್ರಗಳು ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಬಾರಿ ಸರಿಯಾಗಿ ಹೇಳಿದವು. ಸಣ್ಣ ಸಾಧನೆಯಲ್ಲ. ಆದರೆ ಅವು ಕಲಿತದ್ದು ಆ ಜನರಿಂದ, ಆ ಭಾಷೆಯಿಂದ.

ನಮ್ಮ ಯುವಕನ ಉಪ್ಪ ಮನೆಯಲ್ಲಿ ಆಡುವುದು ಬ್ಯಾರಿ. ಆ್ಯಪ್ ಇಂಗ್ಲಿಷಿನಲ್ಲಿ ಕೇಳಿತು, ಮಗ ಅನುವಾದಿಸಿದ, ಅವರು ಅರ್ಧ ಬ್ಯಾರಿ ಅರ್ಧ ಕನ್ನಡದಲ್ಲಿ ಉತ್ತರಿಸಿದರು. ಒಂದು ಕಿವಿ ಬೇರೆ ಮಂದ. ತಡವರಿಸದೆ ಇನ್ನೇನು ಮಾಡುತ್ತಾರೆ?

ಹಾಗೆಂದು ಈ ವಿದ್ಯೆಯನ್ನು ತಳ್ಳಿಹಾಕಬಾರದು. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಮರೆಗುಳಿತನವಿದೆಯೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ. ನರರೋಗ ತಜ್ಞರು ಇರುವುದು ನಗರಗಳಲ್ಲಿ. ಯಾರನ್ನು ಬೇಗ ವೈದ್ಯರ ಬಳಿ ಕಳಿಸಬೇಕೆಂದು ಯಂತ್ರ ಸೂಚಿಸಿದರೆ ಅದು ಉಪಕಾರವೇ. ಅದಕ್ಕೆ ನಮ್ಮವರ ಮಾದರಿಗಳೂ ಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಗಮನಿಸುವ ಗುರಿಯೊಂದಿಗೆ ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಧ್ಯಯನ ಕೈಗೊಂಡಿದೆ. ಐಸಿಎಂಆರ್ ಸಿದ್ಧಪಡಿಸಿದ ನೆನಪಿನ ಪರೀಕ್ಷೆಗಳು ಕನ್ನಡದಲ್ಲೂ ಇವೆ.

ಇನ್ನೊಂದು ಮಾತು. ಮರೆವೆಲ್ಲ ವಾಸಿಯಾಗದ ಮರೆವಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಬಿದ್ದು ತಲೆಯೊಳಗೆ ರಕ್ತ ಕಟ್ಟಿಕೊಂಡದ್ದು, ಇವೂ ಹಾಗೆಯೇ ಕಾಣುತ್ತವೆ, ಇವಕ್ಕೆ ಚಿಕಿತ್ಸೆ ಇದೆ. ರಕ್ತಪರೀಕ್ಷೆ ಮಾಡದ ಆ್ಯಪ್‌ಗೆ ಇದು ಹೇಗೆ ಗೊತ್ತಾಗಬೇಕು?

ಹಿಬಾದ ಬಗ್ಗೆ ಅವನಿಗೆ ಹೇಳಿದ್ದು ಇಷ್ಟು: ಪ್ರಾಯಕ್ಕೆ ಬಂದವನಿಗೆ ಬುದ್ಧಿಯಿದೆ ಎಂಬುದೇ ಮೂಲ ನಿಯಮ; ಇಲ್ಲವೆನ್ನುವವನು ಸಾಬೀತುಪಡಿಸಬೇಕು. ಕೊಡುವ ಹೊತ್ತಿಗೆ ಏನು ಕೊಡುತ್ತಿದ್ದೇನೆ, ಯಾರಿಗೆ ಎಂಬುದು ಅವರಿಗೆ ತಿಳಿದಿತ್ತೇ ಎಂಬುದಷ್ಟೇ ಪ್ರಶ್ನೆ. ರೋಗದ ಹೆಸರು ಬಿದ್ದ ಮಾತ್ರಕ್ಕೆ ತಿಳಿವಳಿಕೆ ಹೋಯಿತೆಂದಲ್ಲ. ಅದನ್ನು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರು ಮತ್ತು ಆ ದಿನದ ಸಾಕ್ಷಿಗಳು. ನಮಾಝಿನ ವಿಷಯವೂ ಹೀಗೆಯೇ. ತಿಳಿವಳಿಕೆ ಪೂರ್ತಿ ಹೋದವರ ಮೇಲೆ ಅದು ಕಡ್ಡಾಯವಲ್ಲ. ರಕಅತ್ ಮಾತ್ರ ಮರೆಯುವವರ ಪಕ್ಕ ಮೊಮ್ಮಗನೊಬ್ಬ ನಿಂತರೆ ಸಾಕು.

ಆರೈಕೆಗೂ ಯಂತ್ರಗಳು ಬಂದಿವೆ. ಬಿದ್ದರೆ ಮಗನಿಗೆ ಸುದ್ದಿ ಮುಟ್ಟಿಸುವ ಕೈಗಡಿಯಾರ ಒಳ್ಳೆಯದೇ. ಆದರೆ ಉಮ್ಮನ ಕೋಣೆಗೆ ಕ್ಯಾಮೆರಾ ಇಡುವವರು ಔರತ್ತಿನ ವಿಷಯ ನೆನಪಿಡಿ. ಆ ಚಿತ್ರಗಳು ಯಾವ ಕಂಪೆನಿಯ ಕೈಗೆ ಹೋಗುತ್ತವೆ ಎಂದೂ ವಿಚಾರಿಸಿ. ಕೇಳಿದ್ದನ್ನೇ ನೂರು ಸಲ ಕೇಳಿದರೂ ಯಂತ್ರ 'ಛೆ' ಎನ್ನುವುದಿಲ್ಲ, ಅದಕ್ಕೆ ದಣಿವಿಲ್ಲ. ದಣಿಯುವುದು ಮನೆಯ ಸೊಸೆ. ಅತ್ತೆ ಮಾವನ ಸೇವೆ ಆಕೆಯ ಔದಾರ್ಯ, ಹೊಣೆ ಮಕ್ಕಳದು. ಗಲ್ಫಿನಿಂದ ಗಡಿಯಾರ ಕಳಿಸಿದರೆ ಆ ಹೊಣೆ ತೀರಲಿಲ್ಲ. ದಣಿದು ದಿಕ್ಕು ತೋಚದವರು ಸರಕಾರದ ಹಿರಿಯರ ಸಹಾಯವಾಣಿ 14567ಕ್ಕೆ, ಮನಸ್ಸಿನ ಕಷ್ಟಕ್ಕೆ 14416ಕ್ಕೆ ಕರೆ ಮಾಡಬಹುದು.

ಯುವಕ ಕೊನೆಗೆ ಉಪ್ಪನನ್ನು ವೈದ್ಯರಿಗೆ ತೋರಿಸಿದ. ಬಿ12 ಬಹಳ ಕಡಿಮೆಯಿತ್ತು, ಚುಚ್ಚುಮದ್ದು ಶುರುವಾಗಿದೆ. ಕಿವಿಗೆ ಯಂತ್ರ ಹಾಕಿಸಿ ಮೂರು ತಿಂಗಳ ಬಳಿಕ ಬನ್ನಿ, ಆಗ ನೆನಪಿನ ಪರೀಕ್ಷೆ ಮಾಡೋಣ ಎಂದಿದ್ದಾರೆ. ಹಿಬಾದ ಮಾತನ್ನು ಅವನು ಇನ್ನೂ ಪೂರ್ತಿ ಬಿಟ್ಟಿಲ್ಲ.