ಹಾಪ್ ಹೂವಿನ ಕಂಪು

ಬಿಯರಿನ ಕಹಿಗೂ ಕಂಪಿಗೂ ಮೂಲ ಒಂದೇ: ಹಾಪ್ ಬಳ್ಳಿಯ ಹೆಣ್ಣು ಹೂವಿನ ಎಸಳುಗಳಡಿಯ ಹಳದಿ ಹುಡಿ. ಆದರೆ ಬಾರ್ಲಿಯ ರಸದೊಡನೆ ಕುದಿಸಿದರೆ ಕಹಿಯಷ್ಟೇ ಉಳಿದು ಕಂಪು ಆವಿಯೊಡನೆ ಹಾರಿಹೋಗುತ್ತದೆ. ಆದುದರಿಂದಲೇ ಹುದುಗು ಬಂದು ತಣಿದ ಬಿಯರಿಗೆ ಮತ್ತಷ್ಟು ಹಾಪ್ ಹಾಕುವ ಪದ್ಧತಿ ಇಂಗ್ಲೆಂಡಿನಲ್ಲಿ ಬೆಳೆಯಿತು. ಸಾರನ್ನು ಇಳಿಸಿದ ಮೇಲೆ ಗೃಹಿಣಿ ಕೊತ್ತಂಬರಿ ಸೊಪ್ಪು ಹಾಕುವುದಿಲ್ಲವೆ, ಹಾಗೆ.

ಯಾವ ತಳಿ ಮೇಲು? ಕೆಂಟ್ ಪ್ರಾಂತದ ಗೋಲ್ಡಿಂಗಿನದು ಜೇನನ್ನು ನೆನಪಿಸುವ ನವುರಾದ ಕಂಪು; ಫಗಲ್‌ನದು ಮಣ್ಣಿನ, ಹಸಿ ಸೊಪ್ಪಿನ ವಾಸನೆ. ಇಂಗ್ಲಿಷರಿಗೆ ಇವೇ ಪ್ರಮಾಣ. ಅಮೆರಿಕದ ಹಾಪಿಗೆ ಗಂಡುಬೆಕ್ಕಿನ ನಾತವೆಂದು ಅವರು ಮೂಗು ಮುರಿದರು. ವೈ ಕಾಲೇಜಿನ ಪ್ರೊಫೆಸರ್ ಸಾಲ್ಮನ್ 1916ರಲ್ಲಿ ಕೆನಡಾದ ಮ್ಯಾನಿಟೋಬದಿಂದ ಕಾಡುಹಾಪಿನ ಕಡ್ಡಿ ತರಿಸಿದರು. ಅದರ ಸಂತತಿಯಾದ ‘ಬ್ರೂಯರ್ಸ್ ಗೋಲ್ಡ್’ 1934ರಲ್ಲಿ ಹೊರಬಂದಾಗಲೂ ಕಹಿಯನ್ನು ಮೆಚ್ಚಿದವರು ಕಂಪಿಗೆ ಹಿಂಜರಿದರು. ಮೂಗಿಗೂ ದೇಶಾಭಿಮಾನವುಂಟು!

ಕಾಲ ಈ ತೀರ್ಪನ್ನು ತಲೆಕೆಳಗು ಮಾಡಿತು. 1972ರಲ್ಲಿ ಆರೆಗನ್‌ನಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಫಗಲ್‌ನದೇ ಕುಡಿ. ಅದರ ಕಂಪು ಮಾತ್ರ ಚಕ್ಕೋತದ್ದು. 2000ರ ದಶಕದ ಸಿಟ್ರಾ ಮಾವು, ಲಿಚಿಗಳನ್ನು ನೆನಪಿಸುತ್ತದೆ. ಹಿಂದೆ ದೋಷವೆನಿಸಿದ್ದ ಪ್ರಖರತೆಗೇ ಇಂದು ಹೆಚ್ಚು ಬೆಲೆ.

ಅಮೆರಿಕದಲ್ಲಿ 1978ರ ಕಾನೂನು ಮನೆಯ ಬಿಯರಿಗೆ ಅನುಮತಿಯಿತ್ತ ಮೇಲೆ ಈ ಹೋಲಿಕೆ ಅಡುಗೆಮನೆಗೂ ಬಂದಿತು. ಒಂದೇ ಬಿಯರನ್ನು ನಾಲ್ಕು ಜಾಡಿಗಳಿಗೆ ಹಂಚಿ, ಒಂದೊಂದಕ್ಕೂ ಒಂದೊಂದು ತಳಿಯನ್ನು ಲೀಟರಿಗೆ 3–4 ಗ್ರಾಮಿನಂತೆ ಹಾಕಿ, ಮೂರು ನಾಲ್ಕು ದಿನ ಬಿಡುವುದು ನ್ಯಾಯವಾದ ಪರೀಕ್ಷೆ. ಬಹಳ ದಿನ ಬಿಟ್ಟರೆ ಹುಲ್ಲಿನ ವಾಸನೆ ಬರುತ್ತದೆ. ತಳಿಗಳನ್ನು ಬೆರೆಸುವುದಾದರೆ ಸಿಟ್ರಾವನ್ನು ಕೈಬಿಗಿಹಿಡಿದು ಹಾಕಬೇಕು. ಗೋಲ್ಡಿಂಗಿನ ಮೆಲುದನಿ ಅದರೆದುರು ಕೇಳಿಸುವುದೇ ಇಲ್ಲ.