ಕಣ್ಣ ಸುತ್ತಲ ಚರ್ಮ: ಮೊದಲು ಕಾರಣ ತಿಳಿಯಿರಿ, ಆಮೇಲೆ ಕ್ರೀಮ್ ಕೊಳ್ಳಿ

ಕಣ್ಣಿನ ಕೆಳಗೆ ಕಪ್ಪಾಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ಕೆಲವರು ಅಂಗಡಿಗೆ ಹೋಗಿ ಕ್ರೀಮ್ ತರುತ್ತಾರೆ, ಕೆಲವರು ಅಡುಗೆಮನೆಗೆ ಹೋಗಿ ನಿಂಬೆಹಣ್ಣು ಹಿಂಡುತ್ತಾರೆ. ಇವೆರಡಕ್ಕೂ ಮೊದಲು ಆಗಬೇಕಾದ ಕೆಲಸ ಒಂದಿದೆ. ಕಪ್ಪಾಗಲು ಕಾರಣವೇನು ಎಂದು ಕಂಡುಕೊಳ್ಳಬೇಕು. ಕಾರಣ ಬೇರೆಯಾದರೆ ಆರೈಕೆಯೂ ಬೇರೆ.

ಈ ಚರ್ಮ ಏಕಿಷ್ಟು ಸೂಕ್ಷ್ಮ?

ನಮ್ಮ ಇಡೀ ಮೈಯಲ್ಲಿ ರೆಪ್ಪೆಯ ಚರ್ಮವೇ ಅತ್ಯಂತ ತೆಳು. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರಡಿ ಕೊಬ್ಬಿನ ಪದರ ಇಲ್ಲವೆನ್ನುವಷ್ಟು ಕಡಿಮೆ. ಜಿಡ್ಡು ಒಸರುವ ಗ್ರಂಥಿಗಳೂ ಕಡಿಮೆ. ಹಾಗಾಗಿ ಇದು ಬೇಗ ಒಣಗುತ್ತದೆ, ಒಳಗಿನ ರಕ್ತನಾಳಗಳ ಬಣ್ಣ ಹೊರಗೆ ಕಾಣುತ್ತದೆ. ನಾವು ನಿಮಿಷಕ್ಕೆ ಸುಮಾರು 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ನಗುವಾಗ, ಬಿಸಿಲಿಗೆ ಕಣ್ಣು ಕಿರಿದು ಮಾಡುವಾಗ ಈ ಚರ್ಮ ಮಡಚಿಕೊಳ್ಳುತ್ತದೆ. ಸುಕ್ಕು ಮೊದಲು ಇಲ್ಲಿ ಕಾಣಿಸಿಕೊಳ್ಳುವುದು ಇದಕ್ಕೇ.

ಇನ್ನೊಂದು ವಿಷಯ ನೆನಪಿಡಿ. ತೆಳು ಚರ್ಮದೊಳಗೆ ಹಚ್ಚಿದ್ದು ಬೇಗ ಇಳಿಯುತ್ತದೆ. ಒಳ್ಳೆಯದೂ ಇಳಿಯುತ್ತದೆ, ಕೆಟ್ಟದ್ದೂ ಇಳಿಯುತ್ತದೆ.

ಕಪ್ಪು ಯಾವ ಬಗೆಯದು?

ಕಿಟಕಿಯ ಬೆಳಕಿಗೆ ಮುಖಮಾಡಿ ಕನ್ನಡಿ ಹಿಡಿಯಿರಿ. ಕೆಳರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆದು ನೋಡಿ.

ಕಂದು ಬಣ್ಣ ಹಾಗೇ ಉಳಿದರೆ ಅದು ಪಿಗ್ಮೆಂಟೇಶನ್, ಅಂದರೆ ಚರ್ಮದ ವರ್ಣದ್ರವ್ಯ ಹೆಚ್ಚಾಗಿರುವುದು. ನಮ್ಮ ಮೈಬಣ್ಣದವರಲ್ಲಿ ಇದು ತುಂಬಾ ಸಾಮಾನ್ಯ. ಅನೇಕ ಮನೆಗಳಲ್ಲಿ ತಾಯಿಗೆ ಇದ್ದದ್ದು ಮಕ್ಕಳಿಗೂ ಬರುತ್ತದೆ. ಬಿಸಿಲು ಮತ್ತು ಕಣ್ಣುಜ್ಜುವ ಅಭ್ಯಾಸ ಇದನ್ನು ಇನ್ನಷ್ಟು ಗಾಢ ಮಾಡುತ್ತವೆ.

ಎಳೆದಾಗ ನೀಲಿ ಅಥವಾ ನೇರಳೆ ಛಾಯೆ ಹೆಚ್ಚು ಕಂಡರೆ ಅದು ರಕ್ತನಾಳಗಳ ಬಣ್ಣ. ನಿದ್ದೆಗೆಟ್ಟಾಗ, ನೆಗಡಿ ಹಿಡಿದಾಗ, ರಕ್ತಹೀನತೆ ಇದ್ದಾಗ ಇದು ಎದ್ದು ಕಾಣುತ್ತದೆ.

ತಲೆಯ ಮೇಲಿನ ದೀಪದಡಿ ಕಪ್ಪಾಗಿ ಕಂಡದ್ದು ಎದುರು ಬೆಳಕಿನಲ್ಲಿ ಮಾಯವಾದರೆ ಅದು ಬರೀ ನೆರಳು. ಕಣ್ಣಿನ ಕೆಳಗೆ ಗುಳಿ ಇದ್ದರೆ ಅಥವಾ ಊದಿಕೊಂಡಿದ್ದರೆ ಹೀಗಾಗುತ್ತದೆ. ಇದಕ್ಕೆ ಯಾವ ಕ್ರೀಮೂ ಹೆಚ್ಚು ಉಪಕಾರ ಮಾಡದು.

ಅನೇಕರಲ್ಲಿ ಇವು ಬೆರೆತಿರುತ್ತವೆ. ಆದರೂ ಯಾವುದು ಹೆಚ್ಚೆಂದು ತಿಳಿದರೆ ದುಡ್ಡು ಉಳಿಯುತ್ತದೆ.

ಮಹಿಳೆಯರು ಒಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಬೇಕು.

ತುರಿಕೆ ಇದ್ದರೆ ಇಲ್ಲಿ ಹುಡುಕಿ

ರೆಪ್ಪೆ ಕೆಂಪಾಗಿ, ತುರಿಸಿ, ಹೊಟ್ಟು ಏಳುತ್ತಿದ್ದರೆ ಅಲರ್ಜಿ ಇರಬಹುದು. ಆಶ್ಚರ್ಯವೆಂದರೆ, ಅದಕ್ಕೆ ಕಾರಣವಾದ ವಸ್ತುವನ್ನು ನೀವು ಕಣ್ಣಿಗೆ ಹಚ್ಚಿರಲೇಬೇಕೆಂದಿಲ್ಲ. ತಲೆಗೆ ಹಾಕುವ ಅನೇಕ ಡೈಗಳಲ್ಲಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಅದು ಒಗ್ಗದವರಿಗೆ ರೆಪ್ಪೆ ಊದಿಕೊಳ್ಳುತ್ತದೆ. ಉಗುರುಬಣ್ಣ ಒಗ್ಗದಿದ್ದರೂ ಉಗುರಿನ ಬಳಿ ಏನೂ ಆಗದೆ, ಬೆರಳು ಸೋಕಿದ ರೆಪ್ಪೆಯಲ್ಲಿ ತುರಿಕೆ ಶುರುವಾಗಬಹುದು. ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ದೊಡ್ಡ ಶತ್ರು. ಗಾಳಿಯಲ್ಲಿ ಬರುವ ಅದರ ಪರಾಗ ಮತ್ತು ಒಣಗಿದ ಪುಡಿಯಿಂದ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಚರ್ಮ ಕೆರಳುತ್ತದೆ. ಕಾರಣವನ್ನು ದೂರವಿಡದೆ ಔಷಧಿಯೊಂದರಿಂದಲೇ ಇದು ನಿಲ್ಲುವುದಿಲ್ಲ.

ದಿನನಿತ್ಯ ಏನು ಮಾಡಬೇಕು?

ಬೆಳಿಗ್ಗೆ ತಣ್ಣೀರಿನಿಂದ ಮುಖ ತೊಳೆಯಿರಿ. ಟವೆಲಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ನಂತರ ವಾಸನೆಯಿಲ್ಲದ ಮಾಯಿಶ್ಚರೈಸರ್, ಅಂದರೆ ತೇವ ಹಿಡಿದಿಡುವ ಕ್ರೀಮ್, ಹಚ್ಚಿ. ಎರಡು ಕಣ್ಣಿಗೂ ಸೇರಿ ಅರ್ಧ ಬಟಾಣಿಯಷ್ಟು ಸಾಕು. ಉಂಗುರದ ಬೆರಳಿನ ತುದಿಯಿಂದ, ಕಣ್ಣಿನ ಸುತ್ತ ಕೈಗೆ ಸಿಗುವ ಮೂಳೆಯ ಮೇಲೆ ಮೆಲ್ಲಗೆ ತಟ್ಟಿ. ರೆಪ್ಪೆಗೂದಲಿನ ಅಂಚಿಗೆ ಒಯ್ಯಬೇಡಿ. ಕಣ್ಣೊಳಗೆ ಇಳಿದು ಉರಿ ಬರಬಹುದು.

ಹೊರಗೆ ಹೋಗುವ ಮುನ್ನ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ. ಕಣ್ಣುರಿ ಬರುತ್ತದೆ ಎನ್ನುವವರು ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವುದನ್ನು ಆರಿಸಿಕೊಳ್ಳಿ. ಬಿಸಿಲಲ್ಲೇ ಇರುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ತಂಪು ಕನ್ನಡಕ ಕೊಳ್ಳುವಾಗ ‘ಯುವಿ 400’ ಎಂದಿದೆಯೇ ನೋಡಿ. ಗಾಜು ಕಪ್ಪಾಗಿದ್ದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ.

ರಾತ್ರಿ ಕಾಡಿಗೆ, ಮಸ್ಕಾರಾ ತೆಗೆಯದೆ ಮಲಗಬೇಡಿ. ಹತ್ತಿಯನ್ನು ಮೇಕಪ್ ರಿಮೂವರ್‌ನಲ್ಲಿ ಅಥವಾ ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಅದ್ದಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಡಿ. ಬಣ್ಣ ತಾನಾಗಿ ಸಡಿಲಾಗುತ್ತದೆ. ಆಗ ಮೇಲಿನಿಂದ ಕೆಳಕ್ಕೆ ಒರೆಸಿ.

ಬೆಳಿಗ್ಗೆ ಕಣ್ಣು ಊದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಐದರಿಂದ ಹತ್ತು ನಿಮಿಷ ಇಡಿ. ತಂಪಿಗೆ ರಕ್ತನಾಳ ಕುಗ್ಗಿ ಊತ ಇಳಿಯುತ್ತದೆ. ಸೌತೆಕಾಯಿ ಬಿಲ್ಲೆ ಮಾಡುವುದೂ ಮುಖ್ಯವಾಗಿ ಇದೇ ಕೆಲಸ. ರಾತ್ರಿ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ತಲೆದಿಂಬು ಸ್ವಲ್ಪ ಎತ್ತರವಿರಲಿ.

ಏನು ಹಚ್ಚಬಾರದು?

ನಿಂಬೆರಸ, ಟೂತ್‌ಪೇಸ್ಟ್, ಅಡುಗೆ ಸೋಡಾ ಬೇಡವೇ ಬೇಡ. ಚರ್ಮ ಸುಟ್ಟರೆ ಕಲೆ ಇನ್ನೂ ಕಪ್ಪಾಗುತ್ತದೆ.

ಸ್ಟಿರಾಯ್ಡ್ ಮುಲಾಮುಗಳ ವಿಷಯದಲ್ಲಂತೂ ತುಂಬಾ ಎಚ್ಚರ ಬೇಕು. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಮೊದಲ ವಾರ ಮುಖ ಬೆಳ್ಳಗಾದಂತೆ ಕಾಣಬಹುದು. ಬರಬರುತ್ತಾ ಚರ್ಮ ಇನ್ನೂ ತೆಳುವಾಗುತ್ತದೆ. ಕಣ್ಣಿನ ಬಳಿ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು. ಇವನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ.

ಹಸುಗೂಸುಗಳ ಕಣ್ಣಿಗೆ ಕಾಡಿಗೆ ಹಚ್ಚುವುದು ನಮ್ಮಲ್ಲಿ ಪ್ರೀತಿಯ ರೂಢಿ. ಆದರೆ ಮಕ್ಕಳ ವೈದ್ಯರು ಬೇಡವೆನ್ನುತ್ತಾರೆ. ಬೆರಳಿನಿಂದ ಸೋಂಕು ತಗಲಬಹುದು. ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವೂ ಇರುತ್ತದೆ, ಅದು ಮಗುವಿನ ಮೆದುಳಿಗೆ ಹಾನಿಕರ.

ಐ ಕ್ರೀಮ್ ಬೇಕೇ? ಖರ್ಚೆಷ್ಟು?

ತೇವಕ್ಕಾಗಿಯೇ ಆದರೆ ಪ್ರತ್ಯೇಕ ಐ ಕ್ರೀಮ್ ಅಗತ್ಯವಿಲ್ಲ. ಮುಖಕ್ಕೆ ಹಚ್ಚುವ, ವಾಸನೆಯಿಲ್ಲದ, ಕಣ್ಣುರಿ ತಾರದ ಕ್ರೀಮೇ ಸಾಕು. ಲೆಕ್ಕ ಹಾಕಿ ನೋಡಿ: 15 ಗ್ರಾಂ ಐ ಕ್ರೀಮಿಗೆ 450 ರೂಪಾಯಿ ಎಂದರೆ ಗ್ರಾಂಗೆ 30 ರೂಪಾಯಿ. 100 ಗ್ರಾಂ ಮಾಯಿಶ್ಚರೈಸರಿಗೆ 300 ರೂಪಾಯಿ ಎಂದರೆ ಗ್ರಾಂಗೆ 3 ರೂಪಾಯಿ.

ನಿರ್ದಿಷ್ಟ ತೊಂದರೆಗೆ ನಿರ್ದಿಷ್ಟ ಅಂಶ ನೋಡಿ ಕೊಳ್ಳಿ. ಊತಕ್ಕೆ ಕೆಫೀನ್, ಅದೂ ತಾತ್ಕಾಲಿಕ. ಕಂದು ಕಲೆಗೆ ನಿಯಾಸಿನಮೈಡ್ ಅಥವಾ ವಿಟಮಿನ್ ಸಿ. ಸುಕ್ಕಿಗೆ ರೆಟಿನಾಲ್. ಇದನ್ನು ರಾತ್ರಿ ಮಾತ್ರ, ಮೊದಲು ವಾರಕ್ಕೆ ಎರಡು ಸಲ ಹಚ್ಚಿ. ಗರ್ಭಿಣಿಯರು ಇದನ್ನು ಬಳಸಬಾರದು. ಯಾವುದೇ ಆದರೂ ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ಮೂರು ದಿನ ನೋಡಿ. ಕಲೆ ತಿಳಿಯಾಗಲು ಎರಡು ಮೂರು ತಿಂಗಳಾದರೂ ಬೇಕು. ವಾರದಲ್ಲೇ ಬೆಳ್ಳಗಾಗುತ್ತದೆ ಎನ್ನುವ ಕ್ರೀಮನ್ನು ನಂಬಬೇಡಿ.

ಯಾರನ್ನು ಕಾಣಬೇಕು?

ರೆಪ್ಪೆಯ ಮೂಗಿನ ಕಡೆಯ ಅಂಚಿನಲ್ಲಿ ಹಳದಿ ಗಂಟುಗಳಿದ್ದರೆ ಅದು ಜಾಂಥೆಲಾಸ್ಮಾ. ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಿ. ಕಣ್ಣಿನ ಊತ ದಿನವಿಡೀ ಇಳಿಯದೆ ಕಾಲೂ ಊದಿದ್ದರೆ ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆ ಬೇಕಾಗುತ್ತದೆ. ಒಂದೇ ಕಣ್ಣು ಏಕಾಏಕಿ ಊದಿ, ಜ್ವರ, ನೋವು ಬಂದರೆ ಅಥವಾ ದೃಷ್ಟಿ ಮಬ್ಬಾದರೆ ಅಂದೇ ಆಸ್ಪತ್ರೆಗೆ ಹೋಗಿ.

ಜಿಲ್ಲಾಸ್ಪತ್ರೆಗಳಲ್ಲಿ, ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗದ ಹೊರರೋಗಿ ಸೇವೆ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ. ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್, ಮೈಸೂರಿನ ಕೆ.ಆರ್. ಆಸ್ಪತ್ರೆ ಅಂಥವು. ಕಣ್ಣಿಗೇ ತೊಂದರೆಯಾಗಿದ್ದರೆ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆ ಇದೆ. ಹೋಗುವಾಗ ನೀವು ಹಚ್ಚುತ್ತಿರುವ ಕ್ರೀಮ್, ಕಾಡಿಗೆ, ಡೈ ಪೊಟ್ಟಣಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಅವುಗಳ ಮೇಲಿನ ಪಟ್ಟಿ ನೋಡಿದರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭವಾಗುತ್ತದೆ.