ಗಾಜುನಾರಿನ ದೋಣಿಯೊಳಗಣ ಮರ: ಒಂದು ಜೀರ್ಣೋದ್ಧಾರದ ವಿವೇಚನೆ

ನಮ್ಮ ನಾಡಿನ ಶಾಸನಗಳನ್ನು ಓದಿದವರಿಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಚಿರಪರಿಚಿತವಾದುದು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸಲೆಂದು ಪೂರ್ವಿಕರು ದತ್ತಿ ಬಿಡುತ್ತಿದ್ದರು. ಆದರೂ ಇತಿಹಾಸವು ಕಟ್ಟಿದವನನ್ನು ನೆನೆಯುವಷ್ಟು ಸರಿಪಡಿಸಿದವನನ್ನು ನೆನೆಯುವುದಿಲ್ಲ. ಒಂದು ವಸ್ತುವು ನಿಜವಾಗಿ ಹೇಗೆ ರಚಿತವಾಗಿತ್ತೆಂಬುದು ಅದನ್ನು ಬಿಚ್ಚಿದವನಿಗೇ ತಿಳಿಯತಕ್ಕದ್ದು. ಪ್ರಕೃತ ಲೇಖನದಲ್ಲಿ ನಾವು ಅಮೆರಿಕದ ಹಳೆಯ ಫೈಬರ್‌ಗ್ಲಾಸ್ ಮೋಟಾರು ದೋಣಿಯ ದುರಸ್ತಿಯನ್ನು ಈ ದೃಷ್ಟಿಯಿಂದ ವಿಚಾರಿಸಬೇಕೆಂದಿದ್ದೇವೆ.

ಗಾಜಿನ ಎಳೆಗಳನ್ನು ರಾಳದಲ್ಲಿ ನೆನೆಸಿ ಅಚ್ಚಿನ ಮೇಲೆ ಪದರಪದರವಾಗಿ ಹಾಸಿ ದೋಣಿ ಮಾಡುವ ವಿಧಾನವು ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪುಗೊಂಡಿತು. ಓಹಾಯೋದ ರೇ ಗ್ರೀನ್ 1942ರಲ್ಲಿ ಇಂತಹ ದೋಣಿಯೊಂದನ್ನು ನಿರ್ಮಿಸಿದನು. ಯುದ್ಧಾನಂತರ ಇದು ದೊಡ್ಡ ಉದ್ಯಮವಾಗಿ ಬೆಳೆಯಿತು. ಗಾಜು ಕೊಳೆಯದು, ಅದಕ್ಕೆ ಹುಳು ಹತ್ತದು. ಆದಕಾರಣ ಮರದ ದೋಣಿಯ ಯುಗ ಮುಗಿಯಿತೆಂದು ಜನರು ಭಾವಿಸಿದರು. 1958ರಲ್ಲಿ ಬಂದ ಬಾಸ್ಟನ್ ವೇಲರ್ ದೋಣಿಯ ಪ್ರಚಾರವು ಪ್ರಸಿದ್ಧವಾದುದು: 1961ರಲ್ಲಿ ಅದರ ನಿರ್ಮಾತೃ ಡಿಕ್ ಫಿಶರ್ ಕುಳಿತಿದ್ದಂತೆಯೇ ದೋಣಿಯನ್ನು ಗರಗಸದಿಂದ ಎರಡು ಹೋಳು ಮಾಡಲಾಯಿತು, ಹೋಳುಗಳು ಮುಳುಗಲಿಲ್ಲ. ಆದರೆ ಆ ದೋಣಿಯಲ್ಲಿಯೂ ಯಂತ್ರವನ್ನು ತಗುಲಿಸುವ ಕಡೆ ಒಳಗೆ ಇದ್ದುದು ಮರವೇ.

ಇದಕ್ಕೆ ಕಾರಣವುಂಟು. ಗಾಜುನಾರಿನ ಹಾಳೆಯು ಎಳೆತಕ್ಕೆ ಬಲವಾದುದಾದರೂ ತೆಳುವಾಗಿದ್ದಾಗ ಸುಲಭವಾಗಿ ಬಾಗುತ್ತದೆ. ಹಾಳೆಯ ಬಿಗುಪು ಅದರ ದಪ್ಪದ ಘನಕ್ಕನುಸಾರವಾಗಿ ಹೆಚ್ಚುವುದು. ದಪ್ಪ ಇಮ್ಮಡಿಯಾದರೆ ಬಿಗುಪು ಎಂಟುಮಡಿಯಾಗುವುದು. ಇಡೀ ದಪ್ಪವನ್ನು ಗಾಜುನಾರಿನಿಂದಲೇ ತುಂಬಿದರೆ ತೂಕವೂ ವೆಚ್ಚವೂ ಮಿತಿಮೀರುವುವು. ಆದ್ದರಿಂದ ಎರಡು ತೆಳು ಪದರಗಳ ನಡುವೆ ಮರದ ತಿರುಳನ್ನಿಟ್ಟರು. ದೋಣಿಯ ಹಿಂಬದಿಯ ಅಡ್ಡಗೋಡೆಗೆ ಟ್ರಾನ್ಸಮ್ ಎಂದು ಹೆಸರು. ಔಟ್‌ಬೋರ್ಡ್ ಯಂತ್ರದ ಭಾರವನ್ನೂ ನೂಕುಬಲವನ್ನೂ ತಾಳುವುದು ಇದೇ. ಇದರೊಳಗೆ ಸಾಮಾನ್ಯವಾಗಿ ಒಂದೂವರೆ ಅಂಗುಲ ದಪ್ಪದ ಪ್ಲೈವುಡ್ ಇರುತ್ತದೆ. ತಳದ ಉದ್ದಕ್ಕೂ ಹಾಯ್ದು ನೆಲಹಲಗೆಯನ್ನು ಹೊತ್ತಿರುವ ತೊಲೆಗಳಿಗೆ ಸ್ಟ್ರಿಂಗರ್ ಎನ್ನುತ್ತಾರೆ. ಇವೂ ಗಾಜುನಾರು ಸುತ್ತಿದ ಮರದ ತುಂಡುಗಳೇ.

ನಾಶವು ಒಂದು ತಿರುಪಿನ ರಂಧ್ರದಿಂದ ಮೊದಲಾಗುತ್ತದೆ. ನೀರು ಒಳಹೊಕ್ಕು, ಗಾಜಿನ ಹೊದಿಕೆಯಿಂದಾಗಿ ಆರಲಾರದೆ ನಿಲ್ಲುತ್ತದೆ. ಮರದ ತೇವಾಂಶವು ಶೇಕಡ 20ಕ್ಕಿಂತ ಕೆಳಗಿರುವವರೆಗೆ ಅದನ್ನು ತಿನ್ನುವ ಶಿಲೀಂಧ್ರ ಬೆಳೆಯಲಾರದು. ಅದು 30ರ ಆಸುಪಾಸು ಮೀರಿ, ಗಾಳಿಯೂ ಬೆಚ್ಚನೆಯ ಹವೆಯೂ ದೊರೆತರೆ ಕೊಳೆತವು ಶೀಘ್ರವಾಗಿ ಹರಡುವುದು. ಹೀಗೆ ಮರವನ್ನು ಕಾಯಲೆಂದು ಹಾಕಿದ ಹೊದಿಕೆಯೇ ಅದರ ಕೊಳೆತವನ್ನು ಮರೆಮಾಡುತ್ತದೆ. ಹೊರಗಿನ ಹೊಳಪು ಮಾಸದಿದ್ದರೂ ಒಳಗಿನ ತಿರುಳು ಕಪ್ಪು ಗಸಿಯಾಗಿರಬಹುದು. ಆ ಸ್ಥಿತಿಯಲ್ಲಿ ವೇಗವಾಗಿ ಸಾಗುವಾಗ ಗೋಡೆ ಬಿರಿದರೆ ಯಂತ್ರವು ಕಳಚಿಕೊಂಡು ನೀರು ಒಳನುಗ್ಗುವುದು. ಕುಳಿತವರ ಪ್ರಾಣಕ್ಕೇ ಅಪಾಯ.

ಪರೀಕ್ಷೆಯ ಕ್ರಮ ಸರಳವಾದುದು. ಕೊಡತಿಯಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ಮರವು ಖಣಿಲೆನ್ನುತ್ತದೆ, ಕೊಳೆತುದು ಮಂಕಾಗಿ ದನಿಗೊಡುತ್ತದೆ. ಸಂದೇಹ ಉಳಿದರೆ ಒಳಗಡೆಯಿಂದ ಬೈರಿಗೆಯಿಂದ ಸಣ್ಣ ರಂಧ್ರ ಕೊರೆದು ಪುಡಿಯನ್ನು ನೋಡಬೇಕು. ಪುಡಿ ಒಣಗಿ ತಿಳಿಬಣ್ಣದ್ದಾಗಿದ್ದರೆ ಕ್ಷೇಮ. ಕಪ್ಪಾಗಿ ಒದ್ದೆಯಾಗಿದ್ದರೆ ತಿರುಳು ಕೆಟ್ಟಿದೆಯೆಂದರ್ಥ.

ದುರಸ್ತಿಯಲ್ಲಿ ಮೊದಲನೆಯ ನಿಯಮವು ಆಕಾರವನ್ನು ಕಾಪಾಡುವುದು. ತೊಲೆಗಳನ್ನು ತೆಗೆದ ಚಿಪ್ಪು ತನ್ನ ಭಾರಕ್ಕೆ ತಾನೇ ಸೊಟ್ಟಗಾಗಬಹುದು. ಹಾಗೆಯೇ ಹೊಸ ತೊಲೆ ಕೂರಿಸಿದರೆ ಆ ಸೊಟ್ಟು ಶಾಶ್ವತವಾಗುವುದು. ಆದುದರಿಂದ ತಳಕ್ಕೆ ಹಲವೆಡೆ ಆಸರೆ ಕೊಟ್ಟು, ಮಟ್ಟ ನೋಡಿ, ಹಳೆಯ ತೊಲೆಗಳ ಎತ್ತರವನ್ನೂ ಸ್ಥಾನವನ್ನೂ ಅಳೆದು ಬರೆದಿಟ್ಟುಕೊಂಡು, ಒಮ್ಮೆಗೆ ಒಂದೊಂದನ್ನೇ ಬದಲಿಸುವುದು ಯುಕ್ತ. ಟ್ರಾನ್ಸಮಿನ ಒಳಪದರವನ್ನು ಅಂಚು ಉಳಿಯುವಂತೆ ಕತ್ತರಿಸಿ, ಕೊಳೆತುದನ್ನು ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ದೋಣಿಯ ರೂಪವನ್ನು ಹಿಡಿದಿರುವ ಹೊರಪದರವನ್ನು ಮುಟ್ಟುವುದಿಲ್ಲ. ಬಳಿಕ ರಟ್ಟಿನ ಅಚ್ಚಿಗೆ ಸರಿಯಾಗಿ ನೀರು ತಾಳುವ ಅಂಟಿನ ಪ್ಲೈವುಡ್ಡನ್ನು ಕತ್ತರಿಸಿ, ಎರಡು ಪದರಗಳನ್ನು ಗಟ್ಟಿಗೊಳಿಸಿದ ಎಪಾಕ್ಸಿಯಿಂದ ಹೊರಪದರಕ್ಕೆ ಅಂಟಿಸಿ ಬಿಗಿಯುತ್ತಾರೆ. ನಡುವೆ ಗಾಳಿಯ ಗುಳ್ಳೆ ಉಳಿಯಬಾರದು.

ಎರಡನೆಯ ನಿಯಮವು ಹಳೆಯದಕ್ಕೂ ಹೊಸದಕ್ಕೂ ಆಗುವ ಬೆಸುಗೆಗೆ ಸಂಬಂಧಿಸಿದ್ದು. ಗಟ್ಟಿಯಾದ ಹಳೆಯ ರಾಳದೊಡನೆ ಹೊಸ ರಾಳವು ರಾಸಾಯನಿಕವಾಗಿ ಒಂದಾಗದು. ಉಜ್ಜಿ ಒರಟು ಮಾಡಿದ ಶುಭ್ರ ಮೇಲ್ಮೈಯನ್ನು ಹಿಡಿದೇ ಅದು ನಿಲ್ಲಬೇಕು. ಇಂತಹ ಕೆಲಸಕ್ಕೆ ಪಾಲಿಯೆಸ್ಟರಿಗಿಂತ ಎಪಾಕ್ಸಿಯು ದೃಢವಾದುದು. ಗಾಜಿನ ಬಟ್ಟೆ ಚೂಪಾದ ಮೂಲೆಗೆ ಬಾಗದಾದ್ದರಿಂದ ಮೂಲೆಗಳನ್ನು ರಾಳದ ಗಾರೆಯಿಂದ ದುಂಡಗೆ ತುಂಬಿ, ಒಂದಕ್ಕಿಂತ ಒಂದು ಅಗಲವಾದ ಪಟ್ಟಿಗಳನ್ನು ಅದರ ಮೇಲೆ ಹಾಸುತ್ತಾರೆ. ಕೊನೆಗೆ ಪ್ರತಿಯೊಂದು ರಂಧ್ರವನ್ನೂ ದೊಡ್ಡದಾಗಿ ಕೊರೆದು ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಬಳಿಕ ಅದರ ನಡುವೆ ಮತ್ತೆ ಕೊರೆಯುತ್ತಾರೆ. ಆಗ ತಿರುಪು ಮರವನ್ನು ಸೋಕುವುದೇ ಇಲ್ಲ. ಗಾಜಿನ ಧೂಳು ಶ್ವಾಸಕೋಶಕ್ಕೂ ಕಣ್ಣಿಗೂ ಕೆಡುಕಾದುದರಿಂದ ಮುಖಗವಸು, ಕನ್ನಡಕಗಳಿಲ್ಲದೆ ಈ ಕೆಲಸಕ್ಕೆ ಕೈಹಾಕಕೂಡದು.

ಇಷ್ಟು ಶ್ರಮವೇಕೆಂದು ಕೇಳಬಹುದು. ಮರದ ದೋಣಿ ಸತ್ತರೆ ಮಣ್ಣಾಗುತ್ತದೆ. ಗಾಜುನಾರಿನ ಚಿಪ್ಪು ಮಣ್ಣಾಗುವುದಿಲ್ಲ. ಬಿಸುಟ ಚಿಪ್ಪುಗಳ ವಿಲೇವಾರಿ ಇಂದು ಹಲವು ದೇಶಗಳ ಸಮಸ್ಯೆ. ಫ್ರಾನ್ಸಿನಲ್ಲಿ 2019ರಿಂದ ಈ ಹೊಣೆಯನ್ನು ದೋಣಿ ತಯಾರಕರಿಗೆ ವಹಿಸಲಾಗಿದೆ. ತಿರುಳನ್ನು ಬದಲಿಸಿ ಚಿಪ್ಪನ್ನು ಉಳಿಸುವುದು ಮಿತವ್ಯಯವಷ್ಟೇ ಅಲ್ಲ, ಕರ್ತವ್ಯವೂ ಹೌದು.

ಇತಿಹಾಸದ ವಿದ್ಯಾರ್ಥಿಗೆ ಇಲ್ಲೊಂದು ಪಾಠವಿದೆ. ಹೊಸ ಯುಗವು ಹಳೆಯದನ್ನು ಅಳಿಸಿತೆಂದು ಗ್ರಂಥಗಳು ಹೇಳುವಲ್ಲಿ, ಹಳೆಯದು ಹೊಸದರ ಒಳಗೇ ಅಡಗಿ ಅದರ ಭಾರವನ್ನು ಹೊತ್ತಿರುವುದುಂಟು. ಗಾಜಿನ ಯುಗವೆಂದು ಕರೆಸಿಕೊಂಡ ಕಾಲದ ದೋಣಿಗಳು ಮರದ ಬಲದಿಂದಲೇ ನಡೆದುವು. ಹೊರಮೈಯನ್ನು ನೋಡಿ ಕಾಲವಿಭಾಗ ಮಾಡುವ ಮುನ್ನ ನಾವೂ ಕೊಡತಿ ಹಿಡಿದು ಒಮ್ಮೆ ತಟ್ಟಿ ನೋಡುವುದು ಒಳಿತು.